ಸ್ತನ ಕ್ಯಾನ್ಸರ್ ತಪಾಸಣೆ: ವಿಮೆಗೆ ಅಮೆರಿಕ ರಾಜ್ಯಗಳ ಕಾಯ್ದೆ

ಸ್ತನ ಕ್ಯಾನ್ಸರ್ ತಪಾಸಣೆಯನ್ನು ವಿಮಾ ವ್ಯಾಪ್ತಿಗೆ ತರುವ ಕಾಯ್ದೆಗಳು ಅಮೆರಿಕದ ರಾಜ್ಯಗಳಲ್ಲಿ 1980ರ ದಶಕದಿಂದ ಜಾರಿಗೆ ಬರತೊಡಗಿದವು. ವಿಮಾ ವ್ಯವಹಾರದ ನಿಯಂತ್ರಣ ಅಲ್ಲಿ ಮುಖ್ಯವಾಗಿ ರಾಜ್ಯಗಳಿಗೆ ಸೇರಿರುವ ಕಾರಣ ಕಾಯ್ದೆಯ ಸ್ವರೂಪವೂ ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿದೆ.

ಕನೆಕ್ಟಿಕಟ್ ಮಾದರಿ: ಸ್ತನದ ಅಂಗಾಂಶ ದಟ್ಟವಾಗಿದ್ದರೆ ಮ್ಯಾಮೊಗ್ರಾಂ ಚಿತ್ರದಲ್ಲಿ ಅದು ಬಿಳಿಯಾಗಿ ಕಾಣುತ್ತದೆ. ಗೆಡ್ಡೆಯೂ ಬಿಳಿಯಾಗಿಯೇ ಕಾಣುವುದರಿಂದ ರೋಗ ಮರೆಯಾಗುವ ಅಪಾಯವಿದೆ. ಇಂಥವರಿಗೆ ಅಲ್ಟ್ರಾಸೌಂಡ್ ತಪಾಸಣೆಯ ವಿಮೆಯನ್ನು ಕನೆಕ್ಟಿಕಟ್ 2005ರಲ್ಲಿ ಕಡ್ಡಾಯಗೊಳಿಸಿತು. ಆದರೆ ತನ್ನ ಅಂಗಾಂಶ ದಟ್ಟವಾಗಿದೆ ಎಂಬುದೇ ತಿಳಿಯದ ಮಹಿಳೆ ಆ ಸೌಲಭ್ಯ ಕೇಳುವುದಾದರೂ ಹೇಗೆ? ಅದೇ ರಾಜ್ಯದ ನ್ಯಾನ್ಸಿ ಕ್ಯಾಪೆಲ್ಲೊ ಅವರಿಗೆ ಮ್ಯಾಮೊಗ್ರಾಂ ವರದಿ ಸಹಜವೆಂದು ಬಂದ ಕೆಲವೇ ವಾರಗಳಲ್ಲಿ, 2004ರಲ್ಲಿ, ಮೂರನೇ ಹಂತದ ಕ್ಯಾನ್ಸರ್ ಪತ್ತೆಯಾಗಿತ್ತು. ಅವರ ಹೋರಾಟದ ಫಲವಾಗಿ, ಅಂಗಾಂಶದ ದಟ್ಟಣೆಯನ್ನು ಮಹಿಳೆಗೆ ತಿಳಿಸಲೇಬೇಕೆಂಬ ದೇಶದ ಮೊದಲ ಕಾಯ್ದೆ 2009ರಲ್ಲಿ ಅಲ್ಲಿ ಅಂಗೀಕಾರವಾಯಿತು. ಕ್ಯಾಪೆಲ್ಲೊ 2018ರಲ್ಲಿ ನಿಧನರಾದರು. ಮಾಹಿತಿ ನೀಡಿಕೆಯ ನಿಯಮ 2024ರ ಸೆಪ್ಟೆಂಬರ್ 10ರಿಂದ ದೇಶಾದ್ಯಂತ ಅನ್ವಯವಾಗಿದೆ.

ಶುಲ್ಕದ ಪ್ರಶ್ನೆ: 2010ರ ಕೇಂದ್ರ ಆರೋಗ್ಯ ಕಾಯ್ದೆಯ ಪ್ರಕಾರ 40 ವರ್ಷ ದಾಟಿದವರಿಗೆ ಒಂದೆರಡು ವರ್ಷಕ್ಕೊಮ್ಮೆ ನಡೆಸುವ ಮ್ಯಾಮೊಗ್ರಾಂಗೆ ಬಹುತೇಕ ಖಾಸಗಿ ವಿಮಾ ಯೋಜನೆಗಳು ಶುಲ್ಕ ವಿಧಿಸುವಂತಿಲ್ಲ. ಅನುಮಾನ ಕಂಡುಬಂದಾಗ ನಡೆಯುವ ಮುಂದಿನ ಪರೀಕ್ಷೆಗೆ ಮಾತ್ರ ರೋಗಿಯೇ ಹಣ ತೆರಬೇಕಾಗುತ್ತಿತ್ತು. ಈ ಹೊರೆಯನ್ನು ತಪ್ಪಿಸಲು ನ್ಯೂಯಾರ್ಕ್ 2016ರಲ್ಲಿ ಕಾಯ್ದೆ ತಂದು, ರೋಗನಿದಾನದ ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್ ಹಾಗೂ ಎಂಆರ್‌ಐಗಳ ಮೇಲಿನ ಸಹಪಾವತಿಯನ್ನು ರದ್ದುಪಡಿಸಿತು. ತಪಾಸಣೆ ಪೂರ್ಣಗೊಳ್ಳಲು ಅಗತ್ಯವಾದ ಹೆಚ್ಚುವರಿ ಚಿತ್ರಣಕ್ಕೂ ಶುಲ್ಕವಿರಬಾರದೆಂಬ ಕೇಂದ್ರದ ಮಾರ್ಗಸೂಚಿ, 2026ರಲ್ಲಿ ಆರಂಭವಾಗುವ ಯೋಜನಾ ವರ್ಷಗಳಿಂದ ಅನ್ವಯಿಸುತ್ತದೆ.

ಕಾಯ್ದೆಯ ಮಿತಿ: ದೊಡ್ಡ ಕಂಪನಿಗಳು ಅನೇಕ ವೇಳೆ ನೌಕರರ ಚಿಕಿತ್ಸಾ ವೆಚ್ಚವನ್ನು ಸ್ವಂತ ನಿಧಿಯಿಂದಲೇ ಭರಿಸುತ್ತವೆ. ಇಂಥ ಯೋಜನೆಗಳು 1974ರ ಕೇಂದ್ರ ಕಾಯ್ದೆ ‘ಎರಿಸಾ’ಗೆ ಒಳಪಡುವುದರಿಂದ ರಾಜ್ಯಗಳ ವಿಮಾ ಕಾಯ್ದೆ ಅವುಗಳಿಗೆ ತಾಗದು. ನೌಕರರ ಕೈಯಲ್ಲಿರುವ ಕಾರ್ಡಿನ ಮೇಲೆ ವಿಮಾ ಕಂಪನಿಯ ಹೆಸರಿದ್ದರೂ ಅದು ಕೇವಲ ನಿರ್ವಾಹಕ ಸಂಸ್ಥೆಯಾಗಿರಬಹುದು. ಹೀಗಾಗಿ ಒಂದೇ ಬೀದಿಯ ಇಬ್ಬರು ಮಹಿಳೆಯರಲ್ಲಿ ಒಬ್ಬರಿಗೆ ರಾಜ್ಯ ಕಾಯ್ದೆಯ ರಕ್ಷಣೆ ಇದ್ದು, ಮತ್ತೊಬ್ಬರಿಗೆ ಇಲ್ಲದಿರಬಹುದು. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಕನ್ನಡಿಗರಿಗೂ ಇದು ಅನ್ವಯಿಸುವ ಮಾತು. ಯೋಜನೆ ಯಾವ ಬಗೆಯದೆಂಬುದನ್ನು ಉದ್ಯೋಗದಾತ ಸಂಸ್ಥೆಯಲ್ಲಿ ವಿಚಾರಿಸಿದ ಬಳಿಕವೇ ರಾಜ್ಯದ ಕಾಯ್ದೆಯನ್ನು ನೆಚ್ಚುವುದು ಕ್ಷೇಮ.