ಒಂದು ನಯಾ ಪೈಸೆಯ ಜಗಳ

ನಾನು ಕಿವಿಯಾರೆ ಕೇಳಿದ ಮೊದಲನೆಯ ಆರ್ಥಿಕ ವಾಗ್ವಾದ ನಡೆದದ್ದು ಬೆಂಗಳೂರಿನ ಕಾಟನ್‌ಪೇಟೆಯ ಬಳಿಯ ಒಂದು ಹೋಟೆಲಿನಲ್ಲಿ, ೧೯೫೭ರ ಏಪ್ರಿಲ್ ತಿಂಗಳ ಒಂದು ಬಟವಾಡೆಯ ಸಂಜೆ. ಆಗ ನನಗೆ ೭ ವರ್ಷ. ತಂದೆಯವರು ಬಟ್ಟೆಯ ಗಿರಣಿಯಲ್ಲಿ ಕೆಲಸಕ್ಕಿದ್ದರು. ಬಟವಾಡೆಯ ದಿನ ನನ್ನನ್ನು ಹೋಟೆಲಿಗೆ ಕರೆದೊಯ್ದು ಮಸಾಲೆ ದೋಸೆ ಕೊಡಿಸುವುದನ್ನು ಅವರು ವ್ರತದಂತೆ ನಡೆಸಿಕೊಂಡು ಬಂದಿದ್ದರು. ಗೋಡೆಯ ಮೇಲೆ ‘ರಾಜಕೀಯ ಮಾತನಾಡಬಾರದು’ ಎಂಬ ಹಲಗೆ ತೂಗುತ್ತಿತ್ತು. ಅದರ ಕೆಳಗಿನ ಮೇಜಿನಲ್ಲಿಯೇ ರಾಜಕೀಯದ ಮಾತು ಎಲ್ಲಕ್ಕಿಂತ ಹೆಚ್ಚಾಗಿ ನಡೆಯುತ್ತಿತ್ತು.

ಆ ತಿಂಗಳ ಒಂದನೆಯ ತಾರೀಖಿನಿಂದ ದೇಶದಲ್ಲಿ ದಶಮಾನ ನಾಣ್ಯಪದ್ಧತಿ ಜಾರಿಗೆ ಬಂದಿತ್ತು. ರೂಪಾಯಿಗೆ ೧೬ ಆಣೆ, ಆಣೆಗೆ ೧೨ ಪೈ ಎಂಬ ಹಳೆಯ ಲೆಕ್ಕ ಹೋಗಿ, ರೂಪಾಯಿಗೆ ೧೦೦ ನಯಾ ಪೈಸೆ ಎಂದಾಯಿತು. ಹೊಸ ಲೆಕ್ಕ ಸುಲಭವೇ. ಆದರೆ ಹಳೆಯದನ್ನು ಹೊಸದಕ್ಕೆ ತಿರುಗಿಸುವುದು ಸುಲಭವಾಗಿರಲಿಲ್ಲ. ಒಂದು ಆಣೆಗೆ ಆರೂಕಾಲು ನಯಾ ಪೈಸೆ. ಕಾಲು ಪೈಸೆಯ ನಾಣ್ಯವೇ ಇಲ್ಲ. ಆದ್ದರಿಂದ ಸರ್ಕಾರದ ಪಟ್ಟಿಯಲ್ಲಿ ಒಂದಾಣೆಗೆ ೬, ಎರಡಾಣೆಗೆ ೧೨, ನಾಲ್ಕಾಣೆಗೆ ಸರಿಯಾಗಿ ೨೫ ನಯಾ ಪೈಸೆ ಎಂದಿತ್ತು.

ನಮ್ಮ ಹೋಟೆಲಿನಲ್ಲಿ ಕಾಫಿಗೆ ಎರಡಾಣೆ. ತಂದೆಯವರೂ ಅವರ ಗೆಳೆಯರೊಬ್ಬರೂ ಒಂದೊಂದು ಲೋಟ ಕುಡಿದರು. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ಎರಡು ಕಾಫಿಗೆ ನಾಲ್ಕಾಣೆ, ಅಂದರೆ ೨೫ ನಯಾ ಪೈಸೆ ಎಂದರು. ಗೆಳೆಯರು, “ನಾವು ಬೇರೆ ಬೇರೆ ಕುಡಿದಿದ್ದೇವೆ, ತಲೆಗೆ ೧೨ರಂತೆ ೨೪ ಆಗುತ್ತದೆ” ಎಂದರು. ಇಬ್ಬರ ಲೆಕ್ಕವೂ ಸರಿಯೇ! ಅಕ್ಕಪಕ್ಕದ ಮೇಜಿನವರೂ ಎದ್ದು ಬಂದರು. ನೆಹರೂ ಅವರಿಂದ ಹಿಡಿದು ಮನೆಯ ಮುಂದೆ ಹಾಲು ಅಳೆಯುವವನ ತನಕ ಎಲ್ಲರ ವಿಚಾರವೂ ಬಂದುಹೋಯಿತು. ಆಗ ಮೇಜು ಒರೆಸುತ್ತಿದ್ದ ಹುಡುಗ ತಲೆಯೆತ್ತಿ, “ಆ ಒಂದು ಪೈಸೆ ನಂಗೆ ಕೊಡಿ ಸ್ವಾಮೀ, ಜಗಳವೇ ಬೇಡ” ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ಪೈಸೆ ಗಲ್ಲಾಪೆಟ್ಟಿಗೆಗೆ ಬಿತ್ತು. ಹುಡುಗ ಲೋಟಗಳನ್ನೆತ್ತಿಕೊಂಡು ಒಳಗೆ ಹೋದ. ಕುಂದಾಪುರದ ಕಡೆಯವನು, ನನಗಿಂತ ಮೂರು ನಾಲ್ಕು ವರ್ಷ ದೊಡ್ಡವನಿದ್ದಿರಬೇಕು.

ಹೋಟೆಲಿನ ಮೇಜಿನಲ್ಲಿ ಹುಟ್ಟುವ ಅಭಿಪ್ರಾಯಗಳನ್ನು ನಾವು ಕಾಡುಹರಟೆ ಎಂದು ತಳ್ಳಿಹಾಕುತ್ತೇವೆ. ನನಗೆ ಅವು ಊರಿನ ಚರಿತ್ರೆಯ ಒಳ್ಳೆಯ ದಾಖಲೆಗಳಾಗಿ ಕಾಣುತ್ತವೆ. ಆಟದ ಮಾತನ್ನೇ ನೋಡಿ. ಗಿರಣಿಯವರಿಗೆ ಆಟವೆಂದರೆ ಫುಟ್‌ಬಾಲು. ‘ಬೆಂಗಳೂರು ಮುಸ್ಲಿಮ್ಸ್’ ತಂಡ ಬೊಂಬಾಯಿಗೆ ಹೋಗಿ ೧೯೩೭ರಲ್ಲಿಯೂ ೧೯೩೮ರಲ್ಲಿಯೂ ರೋವರ್ಸ್ ಕಪ್ ಗೆದ್ದುಬಂದ ಕಥೆಯನ್ನು ತಂದೆಯವರ ಗೆಳೆಯರು ರಾಮಾಯಣದಂತೆ ಹೇಳುತ್ತಿದ್ದರು. ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ನಾವು ೨–೧ರಿಂದ ಸೋತರೂ, ಆ ಒಂದು ಗೋಲನ್ನು ಹೊಡೆದ ರಾಮನ್ ನಮ್ಮೂರಿನವರು ಎಂಬ ಹೆಮ್ಮೆ ಬೇರೆ. ಸಂತೋಷ್ ಟ್ರೋಫಿ ಅಷ್ಟರಲ್ಲೇ ಎರಡು ಸಲ ಮೈಸೂರಿಗೆ ಬಂದಿತ್ತು. “ಕ್ರಿಕೆಟ್ ನೋಡಲು ದಿನಗಟ್ಟಲೆ ರಜ ಬೇಕು, ಫುಟ್‌ಬಾಲು ಪಾಳಿ ಮುಗಿದ ಮೇಲೆ, ದೀಪ ಹಚ್ಚುವುದರೊಳಗೆ ಮುಗಿಯುತ್ತದೆ” ಎಂದು ಅವರು ಹೇಳುತ್ತಿದ್ದರು. ಆಟದ ಅಭಿರುಚಿಯನ್ನು ಗಿರಣಿಯ ಗಡಿಯಾರ ಹೇಗೆ ತಿದ್ದುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಓದಿಲ್ಲ. ೧೯೭೪ರಲ್ಲಿ ಪ್ರಸನ್ನರ ನಾಯಕತ್ವದ ತಂಡ, ಸತತವಾಗಿ ೧೫ ವರ್ಷ ರಣಜಿ ಟ್ರೋಫಿಯನ್ನು ಬಿಟ್ಟುಕೊಡದಿದ್ದ ಬೊಂಬಾಯಿಯನ್ನು ಹಿಂದೆ ಹಾಕಿ, ಕರ್ನಾಟಕ ಎಂಬ ಹೊಸ ಹೆಸರಿನಲ್ಲಿ ಮೊದಲ ಸಲ ಅದನ್ನು ಗೆದ್ದಾಗ, ಅದೇ ಮೇಜುಗಳು ಕ್ರಿಕೆಟ್ಟಿಗೆ ಒಲಿದವು. ಅಷ್ಟರಲ್ಲಿ ಊರಿನಲ್ಲಿ ಕಚೇರಿಯವರೂ ಟ್ರಾನ್ಸಿಸ್ಟರುಗಳೂ ಹೆಚ್ಚಾಗಿದ್ದುವು. ೧೯೬೮–೬೯ರಲ್ಲಿ ಗೆದ್ದ ಸಂತೋಷ್ ಟ್ರೋಫಿ ಮತ್ತೆ ನಮ್ಮ ಕೈಗೆ ಬರಲು ೫೪ ವರ್ಷ ಕಾಯಬೇಕಾಯಿತು.

ತಿಂಡಿಯ ಚರಿತ್ರೆಯೂ ಹೀಗೆಯೇ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದಾಗ ಅಲ್ಲಿಯ ಅಕ್ಕಿ ನಿಂತಿತು. ಅಕ್ಕಿಯಿಲ್ಲದ ಆ ಕಾಲದಲ್ಲಿ ರವೆಯಿಂದ ಇಡ್ಲಿ ಮಾಡಿದೆವೆಂದು ಮಾವಳ್ಳಿ ಟಿಫಿನ್ ರೂಮಿನವರು ಹೇಳುತ್ತಾರೆ. ಇಂದು ನಾವು ರುಚಿಗಾಗಿ ಕೇಳಿ ತಿನ್ನುವ ರವೆ ಇಡ್ಲಿ ಹುಟ್ಟಿದ್ದು ಅಭಾವದಿಂದ. ಅದೇ ಹೋಟೆಲು ತುರ್ತು ಪರಿಸ್ಥಿತಿಯ ಕಾಲದಲ್ಲಿ ಇನ್ನೊಂದು ಪರೀಕ್ಷೆಗೆ ಒಳಗಾಯಿತು. ಸರ್ಕಾರ ತಿಂಡಿಯ ಬೆಲೆಯನ್ನು ಗೊತ್ತುಪಡಿಸಿತು. ಅವರು ಗುಣ ತಗ್ಗಿಸದೆ ಅದೇ ಬೆಲೆಗೆ ಕೊಟ್ಟು, ದಿನದಿನದ ನಷ್ಟವನ್ನು ಹಲಗೆಯ ಮೇಲೆ ಬರೆದು ಹೊರಗೆ ತೂಗುಹಾಕಿದರು. ಕೊನೆಗೆ ಹೋಟೆಲನ್ನು ಕೆಲವು ಕಾಲ ಮುಚ್ಚಿ, ಪೊಟ್ಟಣದ ಹಿಟ್ಟುಗಳ ವ್ಯಾಪಾರದಿಂದ ಬದುಕಿಕೊಂಡರು.

ಆಗ ನಾನು ಗುಮಾಸ್ತ. ಕಾಫಿ ಅಗ್ಗವಾಯಿತೆಂದು ನನಗೆ ಸಂತೋಷವೇ ಆಗಿತ್ತು. ಮುಚ್ಚಿಕೊಳ್ಳದೆ ಹೇಳುತ್ತೇನೆ, ಬೆಲೆ ಇಳಿಸಿದವರನ್ನು ಮೇಜು ಬಡಿದು ಹೊಗಳಿದವರಲ್ಲಿ ನಾನೂ ಒಬ್ಬ. ನಷ್ಟದ ಹಲಗೆಯ ಸುದ್ದಿ ಕಿವಿಗೆ ಬಿದ್ದಾಗ ೧೯೫೭ರ ಆ ಹುಡುಗನ ನೆನಪು ಬಂತು. ಅಗ್ಗದ ಕಾಫಿಯ ಉಳಿದ ಬೆಲೆಯನ್ನು ಯಾರೋ ತೆರುತ್ತಲೇ ಇರುತ್ತಾರೆ. ಮಾಲೀಕರಿಗೆ ತಮ್ಮ ನಷ್ಟವನ್ನು ಬರೆಯಲು ಒಂದು ಹಲಗೆಯಾದರೂ ಇತ್ತು. ಲೋಟ ತೊಳೆಯುವವನಿಗೆ ಯಾವ ಹಲಗೆ?

ಹಲಗೆಯನ್ನು ತಾವೇ ಮಾಡಿಕೊಂಡವರೂ ಇದ್ದರು. ಕಾಫಿ ಬೋರ್ಡಿನವರು ತಮ್ಮ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡ ನೌಕರರು ಎ. ಕೆ. ಗೋಪಾಲನ್ ಅವರ ಮಾರ್ಗದರ್ಶನದಲ್ಲಿ ಒಟ್ಟುಗೂಡಿದರು. ಅವರ ಮೊದಲನೆಯ ಸಹಕಾರ ಸಂಘ ಸ್ಥಾಪನೆಯಾದದ್ದು ಬೆಂಗಳೂರಿನಲ್ಲಿಯೇ, ೧೯೫೭ರ ಆಗಸ್ಟ್ ೧೯ರಂದು. ನಮ್ಮ ಒಂದು ಪೈಸೆಯ ಜಗಳ ನಡೆದು ನಾಲ್ಕು ತಿಂಗಳಾಗಿತ್ತು. ಬಡಿಸುವವರೇ ಮಾಲೀಕರಾಗಬಹುದು ಎಂಬುದು ನಮ್ಮ ಕಣ್ಣೆದುರಿಗೇ ನಡೆಯಿತು. ನಮ್ಮ ಮೇಜಿನಲ್ಲಿ ಅದರ ಮಾತು ಬಂದ ನೆನಪು ನನಗಿಲ್ಲ. ಕಾಫಿಯ ಹದ ಕೆಟ್ಟಿದೆಯೇ, ಲೋಟ ಸಣ್ಣದಾಗಿದೆಯೇ ಎಂಬ ಚರ್ಚೆ ಮಾತ್ರ ಎಂದೂ ನಿಲ್ಲಲಿಲ್ಲ. ಕೂಲಿ ಹೆಚ್ಚಬೇಕೆಂದು ಗಿರಣಿಯ ಬಾಗಿಲಲ್ಲಿ ಘೋಷಣೆ ಕೂಗಿ ಬಂದವರು, ತಮ್ಮ ಎಂಜಲು ಲೋಟ ಎತ್ತುವ ಹುಡುಗನಿಗೆ ತಿಂಗಳಿಗೆ ಏನು ಸಿಗುತ್ತದೆಂದು ಕೇಳಿದ್ದನ್ನು ನಾನು ಕಾಣೆ. ನನ್ನ ತಂದೆಯವರು ಕೇಳಲಿಲ್ಲ. ಮುಂದೆ ನಾನೂ ಕೇಳಲಿಲ್ಲ.

ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ನಿಷೇಧ ದೇಶದಲ್ಲಿ ಜಾರಿಗೆ ಬಂದದ್ದು ೨೦೦೬ರ ಅಕ್ಟೋಬರ್ ೧೦ರಂದು. ಲೆಕ್ಕ ಹಾಕಿ ನೋಡಿದೆ. ಆ ಹುಡುಗ ಪೈಸೆ ಕೇಳಿ ೪೯ ವರ್ಷ ಕಳೆದಿತ್ತು. ಅಷ್ಟರಲ್ಲಿ ಅವನು ಬದುಕಿದ್ದರೆ ಮೊಮ್ಮಕ್ಕಳನ್ನು ಕಂಡಿರಬೇಕು.

ನಾಣ್ಯಗಳ ಕಥೆಯೂ ಮುಗಿಯಿತು. ೧೯೬೪ರಲ್ಲಿ ‘ನಯಾ’ ಎಂಬ ವಿಶೇಷಣ ಬಿದ್ದುಹೋಯಿತು. ೨೦೧೧ರ ಜೂನ್ ಕೊನೆಯಲ್ಲಿ ೨೫ ಪೈಸೆಯೂ ಅದಕ್ಕಿಂತ ಸಣ್ಣ ನಾಣ್ಯಗಳೂ ಚಲಾವಣೆ ಕಳೆದುಕೊಂಡವು. ಈಗ ಮೊಮ್ಮಗಳು ಫೋನನ್ನು ಹಿಡಿದು ಕಾಫಿಯ ಹಣ ಸಲ್ಲಿಸುತ್ತಾಳೆ; ಚಿಲ್ಲರೆಯ ಜಗಳಕ್ಕೆ ಎಡೆಯೇ ಇಲ್ಲ. ಮೊನ್ನೆ ಹಾಗೆ ಕೊಟ್ಟು ಹೊರಟಾಗ, ಮೇಜು ಒರೆಸುತ್ತಿದ್ದ ತರುಣನನ್ನು, “ಯಾವ ಊರಪ್ಪಾ?” ಎಂದು ಕೇಳಿದೆ. ಅವನು ಬಿಹಾರದ ಒಂದು ಜಿಲ್ಲೆಯ ಹೆಸರು ಹೇಳಿದ. ಸಂಬಳವೆಷ್ಟು ಎಂದೂ ಕೇಳಿದೆ. ಅವನು ಮೊದಲು ಗಲ್ಲಾದ ಕಡೆ ನೋಡಿ, ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ. ಮೊಮ್ಮಗಳು, “ತಾತಾ, ಹಾಗೆಲ್ಲ ಕೇಳಬಾರದು” ಎಂದಳು. ಇರಬಹುದು. ಆದರೆ ನಾನು ಕೇಳುವುದಕ್ಕೇ ಬಹಳ ತಡವಾಗಿತ್ತು.