ಕುಂಬಾರನ ಆವಿಗೆ ಮತ್ತು ಶ್ರಾವಕನ ವ್ರತ

ಭಗವಾನ್ ವೃಷಭನಾಥರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಜನರಿಗೆ ಬೋಧಿಸಿದರೆಂದು 9ನೆಯ ಶತಮಾನದ ಜಿನಸೇನಾಚಾರ್ಯರ ಆದಿಪುರಾಣ ತಿಳಿಸುತ್ತದೆ. ಚನ್ನಪಟ್ಟಣ ಸೀಮೆಯಲ್ಲಿ ಮರವನ್ನು ಕಡೆದು ಅರಗಿನ ಬಣ್ಣವೇರಿಸುವ ಕಸುಬಿನಂತೆ, ಮಣ್ಣನ್ನು ತಿಗರಿಯ ಮೇಲೆ ಪಾತ್ರೆಯಾಗಿಸುವ ಕುಂಬಾರಿಕೆಯೂ ಶಿಲ್ಪವೇ. ಆನೆಯ ಕುಂಭಸ್ಥಳದ ಮೇಲೆ ಹಸಿಮಣ್ಣನ್ನಿಟ್ಟು ಮೊದಲ ಪಾತ್ರೆಯನ್ನು ರೂಪಿಸಿದವರು ಆ ಆದಿದೇವರೇ ಎಂದು 12ನೆಯ ಶತಮಾನದ ಹೇಮಚಂದ್ರಾಚಾರ್ಯರು ಬಣ್ಣಿಸಿದ್ದಾರೆ. ಆದರೆ ಅದೇ ಆಚಾರ್ಯರ ಯೋಗಶಾಸ್ತ್ರವು ಶ್ರಾವಕನು ವರ್ಜಿಸಬೇಕಾದ, ಬೆಂಕಿಯನ್ನು ಆಶ್ರಯಿಸಿದ ‘ಅಂಗಾರಜೀವಿಕೆ’ಯಲ್ಲಿ ಕುಂಬಾರಿಕೆಯನ್ನೂ ಎಣಿಸುತ್ತದೆ. ಹಾಗಾದರೆ ಕುಂಬಾರನು ಶ್ರಾವಕನಾಗಬಲ್ಲನೇ?

ಶ್ವೇತಾಂಬರ ಆಗಮವಾದ ಉಪಾಸಕದಶಾಂಗದ ಏಳನೆಯ ಅಧ್ಯಯನದ ನಾಯಕನೇ ಕುಂಬಾರ. ಪೋಲಾಸಪುರದ ಸದ್ದಾಲಪುತ್ರನಿಗೆ ಊರ ಹೊರಗೆ 500 ಮಡಕೆಯ ಅಂಗಡಿಗಳಿದ್ದವು. ಕೂಲಿ ಮತ್ತು ಅನ್ನ ಪಡೆದ ಆಳುಗಳು ದಿನವೂ ಕೊಡ, ಕಳಶ, ಗುಡಾಣಗಳನ್ನು ಮಾಡುತ್ತಿದ್ದರು. ಬೇರೆ ಆಳುಗಳು ಅವನ್ನು ರಾಜಮಾರ್ಗದಲ್ಲಿ ಮಾರುತ್ತಿದ್ದರು. ಅವನು ಗೋಶಾಲನ ಆಜೀವಿಕ ಮತದವನು. ಎಲ್ಲವೂ ನಿಯತಿಯಿಂದಲೇ ನಡೆಯುತ್ತದೆ, ಪುರುಷಪ್ರಯತ್ನವೆಂಬುದಿಲ್ಲ ಎಂದು ನಂಬಿದ್ದವನು.

ಒಂದು ದಿನ ಅವನು ಹಸಿಪಾತ್ರೆಗಳನ್ನು ಬಿಸಿಲಿಗೆ ಇಡುತ್ತಿದ್ದಾಗ ಭಗವಾನ್ ಮಹಾವೀರರು ಅವು ಹೇಗಾದವೆಂದು ಕೇಳಿದರು. ಮಣ್ಣನ್ನು ನೀರಿನಲ್ಲಿ ನೆನೆಸಿ, ಬೂದಿ, ಸಗಣಿ ಬೆರೆಸಿ, ತಿಗರಿಗೆ ಏರಿಸುವ ಕ್ರಮವನ್ನು ಅವನು ವಿವರಿಸಿದನು. ಇದು ಪ್ರಯತ್ನದಿಂದ ಆದದ್ದೋ, ಇಲ್ಲದೆಯೋ? ‘ಇಲ್ಲದೆಯೇ’ ಎಂದನು. ಯಾರಾದರೂ ಈ ಪಾತ್ರೆಗಳನ್ನು ಕದ್ದರೆ, ಒಡೆದರೆ? ಅವನನ್ನು ದಂಡಿಸುವೆನೆಂದನು. ಪ್ರಯತ್ನವೇ ಇಲ್ಲದಿದ್ದಲ್ಲಿ ಕಳ್ಳನೂ ಇಲ್ಲ, ಅಪರಾಧವೂ ಇಲ್ಲ, ದಂಡನೆ ಯಾರಿಗೆ? ಕುಂಬಾರನಿಗೆ ಅರಿವಾಯಿತು. ಅವನೂ ಪತ್ನಿ ಅಗ್ನಿಮಿತ್ರೆಯೂ ವ್ರತಗಳನ್ನು ಸ್ವೀಕರಿಸಿದರು.

ಮುಂದೆ ಗೋಶಾಲನು ಬಂದಾಗ ಸದ್ದಾಲಪುತ್ರನು ತನ್ನ ಅಂಗಡಿಗಳಲ್ಲಿ ಅವನಿಗೆ ಪೀಠ, ಹಲಗೆಗಳನ್ನು ಕೊಡಿಸುತ್ತಾನೆ. ಭಗವಂತರನ್ನು ಹೊಗಳಿದ್ದಕ್ಕಾಗಿ ಮಾತ್ರವೇ ಹೊರತು ಧರ್ಮವೆಂದಲ್ಲ ಎಂದೂ ಸ್ಪಷ್ಟಪಡಿಸುತ್ತಾನೆ. ಅಂದರೆ ವ್ರತಿಯಾದ ಮೇಲೂ ಅಂಗಡಿಗಳು ಅವನವೇ ಆಗಿದ್ದವು. ಅಂಗಾರಕರ್ಮವನ್ನು ನಿಷೇಧಿಸುವ ಮಾತು ಇದೇ ಗ್ರಂಥದ ಮೊದಲ ಅಧ್ಯಯನದಲ್ಲಿದ್ದರೂ, ಆದರ್ಶ ಶ್ರಾವಕರು ಹತ್ತು ಮಂದಿಯಲ್ಲಿ ಈ ಕುಂಬಾರನಿಗೆ ಸ್ಥಾನ ದೊರೆತಿದೆ.

ಈ ತೊಡಕನ್ನು ಬಿಡಿಸಲು ದಿಗಂಬರ ಪರಂಪರೆಯ ವಿವೇಚನೆ ನೆರವಾಗುತ್ತದೆ. ಸಂಕಲ್ಪೀ ಹಿಂಸೆ ಗೃಹಸ್ಥನಿಗೆ ಸರ್ವಥಾ ತ್ಯಾಜ್ಯ. ಜೀವನೋಪಾಯದಲ್ಲಿ ಒದಗುವ ಉದ್ಯೋಗೀ ಹಿಂಸೆಯನ್ನು ಎಚ್ಚರದಿಂದ ಮಿತಗೊಳಿಸಬೇಕು. ಅತಿಭಾರ ಹೇರುವುದು, ಅನ್ನಪಾನ ತಡೆಯುವುದು ಅಹಿಂಸಾಣುವ್ರತದ ಅತಿಚಾರಗಳೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಆಳುಗಳನ್ನೂ ಹೊರೆಯ ಪಶುಗಳನ್ನೂ ಇಟ್ಟುಕೊಂಡ ಕುಂಬಾರನಿಗೆ ಇದು ಗ್ರಂಥದ ಮಾತಷ್ಟೇ ಅಲ್ಲ, ದಿನದ ಲೆಕ್ಕ.

ಸಾಮಾನ್ಯ ಮಡಕೆ ಸುಮಾರು 700ರಿಂದ 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯುತ್ತದೆ. ಅದರ ಸೂಕ್ಷ್ಮರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದರಿಂದಲೇ ಒಳಗಿನ ನೀರು ತಣ್ಣಗಿರುತ್ತದೆ. ಉಪ್ಪಿನಕಾಯಿ ತುಂಬಿಡುವ ಸ್ಟೋನ್‌ವೇರ್ ಜಾಡಿಗೆ 1200 ಡಿಗ್ರಿಗೂ ಮೀರಿದ ಶಾಖ ಬೇಕು. ಆಗ ಮಣ್ಣು ಕಲ್ಲಿನಂತೆ ಗಟ್ಟಿಯಾಗಿ, ಉಪ್ಪು ಹುಳಿಗಳನ್ನು ತಡೆದು, ತಲೆಮಾರುಗಳವರೆಗೆ ಬಾಳುತ್ತದೆ. ಒಂದಕ್ಕೆ ಬೆಂಕಿ ಕಡಿಮೆ, ಆಯುಷ್ಯವೂ ಕಡಿಮೆ. ಇನ್ನೊಂದಕ್ಕೆ ಎರಡೂ ಹೆಚ್ಚು. ಇವುಗಳಲ್ಲಿ ಯಾವುದರ ಆರಂಭ ಅಲ್ಪವೆಂಬುದನ್ನು ಬಳಸುವವನ ವಿವೇಕವೂ ನಿರ್ಧರಿಸುತ್ತದೆ. ಉರುವಲಿನಲ್ಲಿ ಹುಳುಗಳಿವೆಯೇ ಎಂದು ನೋಡುವುದು ಕುಂಬಾರನ ಯತ್ನಾಚಾರವಾದರೆ, ಅಗತ್ಯವಿದ್ದಷ್ಟೇ ಕೊಂಡು, ಕೊಂಡದ್ದನ್ನು ಜೋಪಾನವಾಗಿ ಬಳಸುವುದು ಮನೆಗಳ ಮತ್ತು ಬಸದಿಗಳ ಯತ್ನಾಚಾರ.

ಮಡಕೆ ತಾನಾಗಿ ಆಗುವುದಿಲ್ಲವೆಂದು ಒಪ್ಪಿದವನು ಅದರ ಹಿಂದಿನ ಹಿಂಸೆಯ ಹೊಣೆಯನ್ನೂ ಒಪ್ಪಬೇಕಾಗುತ್ತದೆ. ಸದ್ದಾಲಪುತ್ರನು ಕಲಿತದ್ದು ಇದನ್ನೇ.