ಕ್ಯಾಟರ್‌ಪಿಲರ್ ಟ್ರಾಕ್ಟರಿನ ಮೂಲವರ್ಣ ವಿಚಾರ

ಉಕ್ಕಿನ ಪಟ್ಟಿಗಳನ್ನು ತಾನೇ ಹಾಸಿಕೊಳ್ಳುತ್ತ, ಹಾಸಿದ ಪಟ್ಟಿಗಳ ಮೇಲೆ ತಾನೇ ತೆವಳುತ್ತ ನಡೆಯುವ ಟ್ರಾಕ್ಟರುಗಳನ್ನು ನೆನೆದೊಡನೆಯೇ ಹಳದಿಯ ಬಣ್ಣವು ಕಣ್ಣ ಮುಂದೆ ನಿಲ್ಲುವುದು. ಕ್ಯಾಟರ್‌ಪಿಲರ್ ಎಂಬ ಹೆಸರಿಗೂ ಆ ಹಳದಿಗೂ ಶಬ್ದಾರ್ಥಗಳಿಗಿರುವಂತೆ ನಿತ್ಯಸಂಬಂಧವೇ ಉಂಟೆಂದು ಲೋಕವು ಭಾವಿಸಿದೆ. ಆದರೆ ಈ ಸಂಬಂಧವು ನಿತ್ಯವಲ್ಲ. ಅದಕ್ಕೊಂದು ಹುಟ್ಟಿದ ಕಾಲವುಂಟು. ಆ ಕಾಲಕ್ಕೆ ಮೊದಲಿನ ಯಂತ್ರವೊಂದನ್ನು ಜೀರ್ಣೋದ್ಧಾರ ಮಾಡಹೊರಟವನು ರೂಢಿಯನ್ನೇ ನಂಬಿ ಹಳದಿಯನ್ನು ಬಳಿದನಾದರೆ, ನೋಡಲು ಚೆಲುವಾದರೂ ಸುಳ್ಳಾದ ವಸ್ತುವೊಂದನ್ನು ನಿರ್ಮಿಸಿದಂತಾಗುವುದು.

ಈ ಯಂತ್ರದ ವಂಶವು ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಪಟ್ಟಣದ ಸುತ್ತಣ ಜೌಗುಭೂಮಿಯಲ್ಲಿ ಮೊದಲಾಯಿತು. ಅಲ್ಲಿಯ ಮೆತ್ತನೆಯ ಮಣ್ಣಿನಲ್ಲಿ ಉಗಿಯಂತ್ರಗಳ ಗಾಲಿಗಳು ಹೂತುಹೋಗುತ್ತಿದ್ದುವು. 1904ನೆಯ ಇಸವಿ ನವೆಂಬರ್ 24ರಂದು ಬೆಂಜಮಿನ್ ಹೋಲ್ಟ್ ಎಂಬಾತನು ಗಾಲಿಗಳ ಸ್ಥಾನದಲ್ಲಿ ಮರದ ಹಲಗೆಗಳ ಸರಪಟ್ಟಿಯನ್ನು ಅಳವಡಿಸಿ ಪರೀಕ್ಷಿಸಿದನು. ಅದರ ನಡೆಯು ಕಂಬಳಿಹುಳುವಿನ ನಡೆಯನ್ನು ಹೋಲುತ್ತಿದ್ದುದರಿಂದ ಆ ಹುಳುವಿನ ಇಂಗ್ಲಿಷ್ ಹೆಸರೇ ಯಂತ್ರಕ್ಕೆ ನಿಂತಿತು. 1925ರಲ್ಲಿ ಹೋಲ್ಟನ ಕಂಪೆನಿಯೂ ಅದರ ಪ್ರತಿಸ್ಪರ್ಧಿಯಾದ ಸಿ. ಎಲ್. ಬೆಸ್ಟ್ ಕಂಪೆನಿಯೂ ಒಂದಾಗಿ ಕ್ಯಾಟರ್‌ಪಿಲರ್ ಟ್ರಾಕ್ಟರ್ ಕಂಪೆನಿಯಾಯಿತು. ಅದರ ಯಂತ್ರಗಳಿಗೆ ಬೂದುಬಣ್ಣ, ಅಕ್ಷರಾಲಂಕಾರಕ್ಕೆ ಕೆಂಪು. ರಸ್ತೆ ಮಾಡುವ ಸ್ಥಳಗಳಲ್ಲಿ ಯಂತ್ರವು ದೂರದಿಂದಲೇ ಕಾಣಬೇಕೆಂಬ ಉದ್ದೇಶದಿಂದ 1931ರ ಡಿಸೆಂಬರಿನಲ್ಲಿ ಕಂಪೆನಿಯು ‘ಹೈವೇ ಯೆಲ್ಲೋ’ ಎಂಬ ಹಳದಿಯನ್ನು ಸ್ವೀಕರಿಸಿತು. ಆ ಹಳದಿಯೂ ಸ್ಥಿರವಾಗಿ ಉಳಿಯಲಿಲ್ಲ. 1979ರಲ್ಲಿ ‘ಕ್ಯಾಟರ್‌ಪಿಲರ್ ಯೆಲ್ಲೋ’ ಎಂಬ ಬೇರೊಂದು ಹಳದಿಯು ಅದರ ಸ್ಥಾನಕ್ಕೆ ಬಂದಿತು.

ಹೀಗಿರುವಲ್ಲಿ ಒಂದು ಯಂತ್ರದ ಮೂಲವರ್ಣವನ್ನು ನಿರ್ಣಯಿಸುವುದು ಹೇಗೆ? ನಮ್ಮ ತಾರ್ಕಿಕರು ಹೇಳುವ ಪ್ರಮಾಣಗಳೇ ಇಲ್ಲಿಯೂ ಸಾಕು. ಯಂತ್ರಕ್ಕೆ ಬಡಿದಿರುವ ಕ್ರಮಸಂಖ್ಯೆಯ ಫಲಕವೂ ಕಂಪೆನಿಯ ದಾಖಲೆಗಳೂ ಶಬ್ದಪ್ರಮಾಣ; ಇವುಗಳಿಂದ ತಯಾರಾದ ವರ್ಷವು ಸಿದ್ಧಿಸುವುದು. ‘ಸಿಕ್ಸ್‌ಟಿ’ ಎಂಬ ಪ್ರಸಿದ್ಧ ಮಾದರಿಯ ತಯಾರಿಕೆಯು 1931ರಲ್ಲಿಯೇ ನಿಂತುಹೋದುದರಿಂದ, ಅದರ ಮೇಲೆ ಕಾಣುವ ಹಳದಿಯು ಬಹುಮಟ್ಟಿಗೆ ಪ್ರಕ್ಷಿಪ್ತವೆಂದೇ ತಿಳಿಯಬೇಕು.

ಹಳೆಯ ಛಾಯಾಚಿತ್ರಗಳಿಂದ ಮಾಡುವ ಅನುಮಾನದಲ್ಲಿ ಹೇತ್ವಾಭಾಸದ ಭಯವು ಹೆಚ್ಚು. ಆ ಕಾಲದಲ್ಲಿ ಬಳಕೆಯಲ್ಲಿದ್ದ ಆರ್ಥೊಕ್ರೊಮ್ಯಾಟಿಕ್ ಫಲಕಗಳು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಆದಕಾರಣ ಕೆಂಪಕ್ಷರಗಳು ಚಿತ್ರದಲ್ಲಿ ಕಪ್ಪಾಗಿ ಬಿದ್ದಿರುವುವು. ಚಿತ್ರವನ್ನು ಮಾತ್ರ ನೋಡಿದವನು ಬೂದಿಯ ಮೇಲೆ ಮಸಿಯಲ್ಲಿ ಬರೆದಿತ್ತೆಂದು ವಾದಿಸಿಯಾನು.

ಉಳಿದುದು ಪ್ರತ್ಯಕ್ಷ. ಬಿಸಿಲು ಮಳೆಗಳು ಮುಟ್ಟದ ಎಡೆಗಳಲ್ಲಿ ಅದನ್ನು ಹುಡುಕಬೇಕು: ಕ್ರಮಸಂಖ್ಯೆಯ ಫಲಕದ ಹಿಂಬದಿ, ಬೋಲ್ಟುಗಳ ತಲೆಯ ಕೆಳಗೆ, ಹತಾರದ ಪೆಟ್ಟಿಗೆಯ ಒಳಗೆ, ವರ್ಷಗಟ್ಟಲೆ ಜಿಡ್ಡು ಮೆತ್ತಿದ ಮೂಲೆಗಳಲ್ಲಿ. ಮಾಲೀಕರು ಶಪಿಸುವ ಜಿಡ್ಡೇ ಶೋಧಕನ ಪಾಲಿಗೆ ಭಂಡಾರದ ಕಾವಲುಗಾರ! ಸಣ್ಣ ಉಜ್ಜುಕಾಗದದಿಂದ ಒಂದೆಡೆ ಮೆಲ್ಲಗೆ ತೇಯುತ್ತ ಹೋದರೆ, ಒಂದರೊಳಗೊಂದು ಬಳೆಗಳಿಟ್ಟಂತೆ ಬಣ್ಣದ ಲೇಪಗಳು ಕ್ರಮವಾಗಿ ತೋರುವುವು. ಹಳೆಯ ಹಳದಿಯಲ್ಲಿ ಸೀಸದ ವಿಷವಿರಬಹುದಾದುದರಿಂದ ನೀರು ಹಾಕಿಯೇ ತೇಯತಕ್ಕದ್ದು. ಧೂಳು ಮೂಗಿಗೆ ಹೋಗಬಾರದು.

ಅತ್ಯಂತ ಕೆಳಗಿನದೇ ಮೂಲವೆಂದು ಅವಸರಪಡುವುದೂ ತಪ್ಪು. ತುಕ್ಕು ಹಿಡಿಯದಿರಲೆಂದು ಮೊದಲು ಬಳಿದ ಕಾವಿಬಣ್ಣವು ಅಡಿಯಲ್ಲಿರಬಹುದು. ಅದು ಪೀಠಿಕೆಯೇ ಹೊರತು ಗ್ರಂಥವಲ್ಲ. ಇಲ್ಲಿ ಭೂತಗನ್ನಡಿಯು ನೆರವಾಗುವುದು. ಎರಡು ಲೇಪಗಳ ನಡುವೆ ಧೂಳಿನ ಅಥವಾ ತುಕ್ಕಿನ ಎಳೆಯೊಂದು ಕಂಡರೆ, ಯಂತ್ರವು ಕೆಲವು ಕಾಲ ದುಡಿದ ಮೇಲೆ ಮೇಲಿನ ಬಣ್ಣ ಬಂದಿತೆಂದು ಅರ್ಥ. ಎಳೆಯಿಲ್ಲದೆ ಒಂದಕ್ಕೊಂದು ಬೆಸೆದಿದ್ದರೆ ಎರಡೂ ಕಾರ್ಖಾನೆಯಲ್ಲಿ ಒಡನೊಡನೆ ಬಳಿದುವಾಗಿರಬಹುದು. ಒಂದೇ ಓಲೆಯ ಪ್ರತಿಯನ್ನು ನೆಚ್ಚಿ ಪಾಠವನ್ನು ನಿರ್ಣಯಿಸಲಾಗದಂತೆ ಒಂದೇ ಎಡೆಯ ಸಾಕ್ಷಿಯೂ ಸಾಲದು. ಮುಚ್ಚಳವು ಬೇರೊಂದು ಯಂತ್ರದಿಂದ ಬಂದುದಾದರೆ ಅದರ ಲೇಪಗಳು ಬೇರೆಯದೇ ಕಥೆಯನ್ನು ಹೇಳುವುವು.

ಇಷ್ಟಾಗಿ ದೊರೆತ ಬೂದುಬಣ್ಣವೂ ಹೊಸತಾಗಿದ್ದಾಗಿನ ಬೂದಿಯಲ್ಲ. ಅಗಸೆಯೆಣ್ಣೆಯಲ್ಲಿ ಕಲಸಿದ ಬಣ್ಣವು ಕತ್ತಲೆಯಲ್ಲಿ ಉಳಿದರೆ ಹಳದಿಗೆ ತಿರುಗುವುದು. ಶುಕ್ತಿಯಲ್ಲಿ ರಜತವನ್ನು ಕಂಡಂತೆ ಫಲಕದ ಹಿಂದಿನ ಬೂದಿಯಲ್ಲಿ ಹಸುರಿನ ಛಾಯೆಯನ್ನು ಕಂಡು ಮೋಸಹೋಗುವುದುಂಟು. ಜಿಡ್ಡನ್ನು ಮೃದುವಾಗಿ ಒರಸಿ, ಆ ತುಣುಕನ್ನು ಕೆಲವು ದಿನ ಬೆಳಕಿನಲ್ಲಿರಿಸಿದರೆ ಆ ಛಾಯೆಯು ಬಹುಮಟ್ಟಿಗೆ ಇಳಿಯುವುದು. ಅನಂತರವೇ ಮನ್ಸೆಲ್ಲನ ವರ್ಣಪುಸ್ತಕದ ಚೀಟಿಗಳೊಡನೆ ಹಗಲ ಬೆಳಕಿನಲ್ಲಿ ಹೋಲಿಸಿ ಗುರುತು ಹಾಕಿಕೊಳ್ಳಬೇಕು.

ಇದೆಲ್ಲವೂ ಮರಳನ್ನು ಗಾಳಿಯ ಒತ್ತಡದಿಂದ ಎರಚಿ ಯಂತ್ರವನ್ನು ಬೆತ್ತಲುಮಾಡುವುದಕ್ಕೆ ಮೊದಲೇ ಆಗಬೇಕು. ಅನೇಕ ದಶಕಗಳು ಕಾಪಾಡಿದ ಸಾಕ್ಷ್ಯವನ್ನು ಮರಳು ಕೆಲವು ಗಂಟೆಗಳಲ್ಲಿ ತಿಂದುಹಾಕುವುದು. ಮತ್ತೆ ಅದನ್ನು ಯಾವ ಹಣದಿಂದಲೂ ಕೊಳ್ಳಲಾಗದು. ಮೇಲಿನ ಹಳದಿಯೂ ಅದನ್ನು ದುಡಿಸಿದ ಯಾರದೋ ಕೈಯ ಗುರುತಾಗಿರುವುದರಿಂದ, ಬಣ್ಣ ಬಳಿಯುವಾಗಲೂ ಫಲಕದ ಹಿಂದಿನ ಅಂಗೈಯಗಲದ ಜಾಗದಲ್ಲಿ ಎಲ್ಲ ಲೇಪಗಳನ್ನೂ ಹಾಗೆಯೇ ಉಳಿಸಿ, ಫಲಕವನ್ನು ಅದರ ಮೇಲೆ ಮೊದಲಿನಂತೆ ಕೂಡಿಸುವುದು ಉಚಿತ.